ಬಂಡೆಚಿತ್ರ, ಕಲ್ಲಾಸರೆ ನೋಡಲು ಕರಾವಳಿಯಿಂದ ಹೊರಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಸುತ್ತ ಆದಿಮಾನವರ ಗುಹಾಚಿತ್ರ ಉಂಟಾ?

ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಚಿತ್ರ ಬೇಕೆಂದರೆ ಘಟ್ಟ ಹತ್ತಲೇಬೇಕು. ಇಲ್ಲಿ ಇರುವುದು ಕೆತ್ತನೆಗಳು, ಅವೂ ಗುಹೆಯೊಳಗಲ್ಲ, ಬಯಲಿನ ಹಾಸುಬಂಡೆಯ ಮೇಲೆ. ಕುಂದಾಪುರ ಕಡೆಯ ಗಾವಳಿ ಬಳಿಯ ಬುದ್ಧನಜೆಡ್ಡು ಮತ್ತು ಕೊಲ್ಲೂರಿನ ಮೂಕಾಂಬಿಕಾ ವನ್ಯಜೀವಿಧಾಮದೊಳಗಿನ ಅವಲಕ್ಕಿ ಪಾರೆ ಇವುಗಳಲ್ಲಿ ಮುಖ್ಯ. ಶಿರ್ವದ ಎಂ.ಎಸ್.ಆರ್.ಎಸ್. ಕಾಲೇಜಿನಲ್ಲಿ ಪುರಾತತ್ವ ಕಲಿಸಿದ ಟಿ. ಮುರುಗೇಶಿ ಅವರ ಕ್ಷೇತ್ರಕಾರ್ಯದಿಂದಾಗಿ ಈ ಹೆಸರುಗಳು ಹೊರಗಿನವರಿಗೂ ತಿಳಿದವು. ಗುಹಾಚಿತ್ರ ಎಂದ ಕೂಡಲೇ ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ನಮ್ಮ ಊರಿನಲ್ಲಿ ತಲೆ ತಗ್ಗಿಸಿ, ಕಾಲಿಡುವ ಜಾಗವನ್ನು ನೋಡಬೇಕು.

ಬಣ್ಣದ ಚಿತ್ರ ಇಲ್ಲಿ ಯಾಕೆ ಉಳಿದಿಲ್ಲ?

ಕಾರಣ ಮಳೆ ಮತ್ತು ಕಲ್ಲು. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಬಳ್ಳಾರಿ, ಕೊಪ್ಪಳ ಕಡೆ ಅದರ ಆರನೇ ಒಂದು ಪಾಲೂ ಕಷ್ಟ. ಬಣ್ಣ ಉಳಿಯಲು ಮುಂದಕ್ಕೆ ಚಾಚಿದ ಬಂಡೆಯ ಸೂರು, ಅಂದರೆ ಕಲ್ಲಾಸರೆ ಬೇಕು, ಸೂರಿನ ಕೆಳಗೆ ವರ್ಷವಿಡೀ ಒಣಗಿರುವ ನುಣುಪಾದ ಗೋಡೆ ಬೇಕು. ಬಾದಾಮಿಯ ಮರಳುಗಲ್ಲಿನಲ್ಲಿ, ಗಂಗಾವತಿಯ ಗ್ರಾನೈಟ್ ಗುಂಡುಗಳ ಸಂದಿಯಲ್ಲಿ ಅಂಥ ಜಾಗ ತಾನಾಗಿ ಸಿಗುತ್ತದೆ. ನಮ್ಮ ಮುರಕಲ್ಲಿನ (ಕೆಂಪುಕಲ್ಲಿನ) ಮೈಯೆಲ್ಲ ತೂತು, ಅದು ನೀರು ಹೀರುತ್ತದೆ, ಜೂನ್ ಕಳೆಯುವುದರೊಳಗೆ ಹಾವಸೆ ಕಟ್ಟುತ್ತದೆ. ಅದರ ಮೇಲೆ ಯಾರಾದರೂ ಬಣ್ಣ ಬಳಿದಿದ್ದರೂ ಸಾವಿರಾರು ಮಳೆಗಾಲ ನಿಲ್ಲುವಂತಿಲ್ಲ. ಆಳವಾಗಿ ಕೆತ್ತಿದ ಗೆರೆಯಾದರೆ ನಿಲ್ಲುತ್ತದೆ.

ಕದ್ರಿಯ ಪಾಂಡವರ ಗುಹೆ, ನೆಲ್ಲಿತೀರ್ಥದ ಗುಹೆ ಇದೇ ಸಾಲಿಗೆ ಸೇರುತ್ತವೆಯೇ?

ಇಲ್ಲ. ಕದ್ರಿಯದು ಇತಿಹಾಸ ಕಾಲದಲ್ಲಿ ಮನುಷ್ಯರು ಕಡಿದ ಗುಹೆ. ನೆಲ್ಲಿತೀರ್ಥ ನಿಸರ್ಗದತ್ತ ಗುಹೆಯೇ ಆದರೂ ಅದು ದೇವಾಲಯ, ಭಕ್ತಿಯಿಂದ ಹೋಗುವ ಸ್ಥಳ. ಎರಡರಲ್ಲೂ ಆದಿಮಾನವರ ಚಿತ್ರ ಹುಡುಕಬೇಡಿ. ಬಾದಾಮಿಯ ಮೂರನೇ ಗುಹೆಯ ವರ್ಣಚಿತ್ರಗಳೂ ಪ್ರಾಗೈತಿಹಾಸಿಕವಲ್ಲ. ಅವು ಚಾಲುಕ್ಯರ ಕಾಲದವು, ಮಂಗಲೇಶ ಕಡಿಸಿದ ಈ ಗುಹೆಯ ಶಾಸನದ ವರ್ಷ ಕ್ರಿ.ಶ. 578.

ಅವಲಕ್ಕಿ ಪಾರೆಗೆ ನೇರವಾಗಿ ಹೋಗಬಹುದೇ?

ಹೋಗುವಂತಿಲ್ಲ. ವನ್ಯಜೀವಿಧಾಮದೊಳಗೆ ಕಾಲಿಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಹೋಗುವ ಉದ್ದೇಶ, ದಿನಾಂಕ, ಎಲ್ಲರ ಹೆಸರು ಮತ್ತು ಗುರುತಿನ ಚೀಟಿಯ ಪ್ರತಿ ಸೇರಿಸಿ ಮೊದಲೇ ಬರೆದು ಕೊಡಿ. ಕೊಲ್ಲೂರಿಗೆ ದರ್ಶನಕ್ಕೆ ಬಂದ ದಿನವೇ ‘ಹಾಗೇ ಒಂದು ಸುತ್ತು’ ಎಂದು ಕೇಳಿದರೆ ಕೆಲಸ ಆಗುವುದಿಲ್ಲ. ಇಲಾಖೆಯ ಸಿಬ್ಬಂದಿ ಜೊತೆಗಿಲ್ಲದೆ ಕಾಡಿಗೆ ಇಳಿಯಬೇಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಂಬಳದ ಕಾಟ ಇರುತ್ತದೆ, ಹಾವಸೆ ಕಟ್ಟಿದ ಬಂಡೆ ಕಾಲು ಜಾರಿಸುತ್ತದೆ, ಕೆತ್ತನೆಯೂ ಮುಚ್ಚಿಹೋಗಿರುತ್ತದೆ. ಡಿಸೆಂಬರ್, ಜನವರಿ ಒಳ್ಳೆಯ ಕಾಲ.

ಮೂಡುಬಿದಿರೆ ಹತ್ತಿರದ ಮೂಡುಕೊಣಾಜೆಯಲ್ಲಿ ಏನಿದೆ?

ಚಿತ್ರವಲ್ಲ, ಬೃಹತ್ ಶಿಲಾಯುಗದ ಕಲ್ಮನೆಗಳು. ನಾಲ್ಕೂ ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಸಮಾಧಿಗಳು ಇವು. ಒಂದು ಕಾಲಕ್ಕೆ ಇಲ್ಲಿ ಒಂಬತ್ತು ಇದ್ದವು, ಈಗ ಸರಿಯಾಗಿ ಉಳಿದಿರುವುದು ಎರಡು. ಕದಡಿಹೋದ ಸಮಾಧಿಗಳ ಜಾಗದಲ್ಲೇ ಸುಟ್ಟ ಮಣ್ಣಿನ ಗೂಳಿ, ನವಿಲು, ಕುದುರೆ, ಮಾತೃದೇವತೆಯ ಬೊಂಬೆಗಳು ಸಿಕ್ಕಿದ್ದು 2023ರಲ್ಲಿ ಸುದ್ದಿಯಾಯಿತು. ಬೃಹತ್ ಶಿಲಾಯುಗದ ಸಮಾಧಿಯಲ್ಲಿ ಇಂಥ ಬೊಂಬೆ ಸಿಗುವುದು ತೀರಾ ಅಪರೂಪ. ಮಂಗಳೂರಿನಿಂದ ಅರ್ಧ ದಿನ ಸಾಕು. ಚಪ್ಪಡಿಯ ಮೇಲೆ ಹತ್ತಬೇಡಿ, ಒಳಗಿನ ಮಣ್ಣು ಕೆದಕಬೇಡಿ. ಉಳಿದಿರುವುದೇ ಎರಡು.

ಎರಡು ದಿನ ರಜೆ ಇದ್ದರೆ ಯಾವುದಕ್ಕೆ ಹೋಗುವುದು?

ನಮ್ಮ ಸಲಹೆ ದಕ್ಷಿಣ ಗೋವಾದ ಉಸ್ಗಾಳಿಮಳ. ಇದನ್ನು ಪಣ್ಸಾಯ್‌ಮಳ ಎಂದೂ ಕರೆಯುತ್ತಾರೆ. ಕುಶಾವತಿ ಹೊಳೆಯ ದಂಡೆಯ ಮುರಕಲ್ಲಿನ ಹಾಸಿನ ಮೇಲೆ ನೂರಕ್ಕೂ ಹೆಚ್ಚು ಕೆತ್ತನೆಗಳಿವೆ. 1993ರವರೆಗೆ ಊರವರ ಹೊರತು ಯಾರಿಗೂ ಇದರ ಸುಳಿವಿರಲಿಲ್ಲ. ಉಡುಪಿಯ ಇಂದ್ರಾಳಿ ನಿಲ್ದಾಣದಿಂದ ಮಡಗಾಂವ್‌ಗೆ ಕೊಂಕಣ ರೈಲು, ಅಲ್ಲಿಂದ ಕೇಪೆಂ, ರಿವಣ ದಾರಿಯಲ್ಲಿ ಬಾಡಿಗೆ ವಾಹನ. ವಾಪಸು ಬರಲು ಅಲ್ಲಿ ರಿಕ್ಷಾ ಸಿಗುವುದಿಲ್ಲ, ಹೋದ ವಾಹನವನ್ನೇ ಕಾಯಿಸಿಕೊಳ್ಳಿ.

ಅಲ್ಲಿ ಮೊದಲು ನೋಡಬೇಕಾದದ್ದು ಸುರುಳಿ ಚಕ್ರ. ಒಂದರೊಳಗೊಂದು ಸುತ್ತುವ ಗೆರೆಗಳ ಈ ಆಕೃತಿಯನ್ನು ಚಕ್ರವ್ಯೂಹ ಎಂದು ತೋರಿಸುತ್ತಾರೆ. ಹತ್ತಿರ ಕುಳಿತು ಗೆರೆಯ ಅಂಚನ್ನು ಗಮನಿಸಿ. ಮುರಕಲ್ಲಿನ ಸಹಜ ತೂತುಗಳಿಗೆ ಲೆಕ್ಕವಿಲ್ಲ, ಒಂದೊಂದು ಒಂದೊಂದು ಗಾತ್ರ. ಕೆತ್ತಿದ ಗೆರೆ ಹಾಗಲ್ಲ. ಅದು ಆ ತೂತುಗಳನ್ನು ಲೆಕ್ಕಿಸದೆ, ಅವುಗಳ ನಡುವೆಯೇ ಒಂದೇ ಅಗಲದಲ್ಲಿ ಹರಿದು, ತಿರುವಿನಲ್ಲೂ ಅಗಲ ಕಳೆದುಕೊಳ್ಳದೆ ಮುಂದೆ ಹೋಗುತ್ತದೆ. ಗೆರೆಯ ತಳ ದೋಣಿಯ ಒಡಲಿನಂತೆ ದುಂಡಗಿರುತ್ತದೆ. ಇದನ್ನು ಒಮ್ಮೆ ಕಣ್ಣಿಗೆ ಹತ್ತಿಸಿಕೊಂಡರೆ ಸುತ್ತಲಿನ ಗೂಳಿ, ಜಿಂಕೆಗಳು ಒಂದೊಂದಾಗಿ ಹೊರಬರುತ್ತವೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಕೆತ್ತನೆಗಳ ಮೇಲೆ ನೀರು, ಕೆಸರು ನಿಲ್ಲುತ್ತದೆ. ನವೆಂಬರ್ ಬಳಿಕವೇ ಹೋಗಿ.

ಇದೇ ಮುರಕಲ್ಲಿನ ಪರಂಪರೆ ರತ್ನಾಗಿರಿವರೆಗೂ ಹಬ್ಬಿದೆ. ಕಶೇಳಿಯ ಆನೆಯ ಆಕೃತಿ ಸುಮಾರು 18 ಮೀಟರ್ ಉದ್ದ. ಇವನ್ನೆಲ್ಲ ಕೂಡಿಸಿ ಕೊಂಕಣದ ಭೂಚಿತ್ರಗಳೆಂದು 2022ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಯಿತು.

ವಯನಾಡಿನ ಎಡಕ್ಕಲ್?

ಚೆನ್ನಾಗಿದೆ, ಜನ ಮಾತ್ರ ಬಹಳ. ಅಂಬುಕುತ್ತಿ ಬೆಟ್ಟದಲ್ಲಿ ಬಂಡೆ ಸೀಳಿದ ಬಿರುಕಿನ ಮೇಲೆ ಇನ್ನೊಂದು ಬಂಡೆ ಸಿಕ್ಕಿಕೊಂಡು ಚಾವಣಿಯಾದ ಜಾಗ ಇದು. ಗೋಡೆಯ ತುಂಬ ಒತ್ತೊತ್ತಾದ ಆಳ ಕೆತ್ತನೆ, ಬಣ್ಣವಿಲ್ಲ. 1890ರ ದಶಕದಲ್ಲಿ ಇದನ್ನು ಹೊರಜಗತ್ತಿಗೆ ತಿಳಿಸಿದವರು ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್. ಬಳ್ಳಾರಿಯ ಕುಪ್ಪಗಲ್ಲಿನ ಕೆತ್ತನೆಗಳ ಬಗ್ಗೆ 1892ರಲ್ಲಿ ಬರೆದವರೂ ಇವರೇ. ಮಂಗಳೂರಿನಿಂದ ಸಂಪಾಜೆ ಘಾಟಿ, ಮಡಿಕೇರಿ, ಕುಟ್ಟ, ಮಾನಂದವಾಡಿ ದಾರಿ ಹಿಡಿಯಿರಿ. ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಸುತ್ತಿ ಬರುವವರಿಗೆ ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಕಡಿದಾದ ಮೆಟ್ಟಿಲುಗಳಿವೆ, ಮೊಣಕಾಲು ನೋವಿರುವವರಿಗೆ ಆಗದು.

ಕರ್ನಾಟಕದಲ್ಲೇ ಬಣ್ಣದ ಚಿತ್ರ ನೋಡಬೇಕು. ಎಲ್ಲಿ?

ಮೊದಲ ಸಲಕ್ಕೆ ಬಾದಾಮಿಯ ಸಿಡಿಲಫಡಿ. ಮಂಗಳೂರಿನಿಂದ ವಿಜಯಪುರಕ್ಕೆ ಹೋಗುವ ರೈಲು ಬಾದಾಮಿಯಲ್ಲೇ ನಿಲ್ಲುತ್ತದೆ. ಮಳೆಗಾಲದಲ್ಲಿ ಸುಬ್ರಹ್ಮಣ್ಯ, ಸಕಲೇಶಪುರ ನಡುವೆ ಗುಡ್ಡ ಕುಸಿದರೆ ರೈಲು ರದ್ದಾಗುವುದುಂಟು, ಆಗ ಬಸ್ಸೇ ಗತಿ. ಊರಿನಿಂದ ಸುಮಾರು 4 ಕಿ.ಮೀ. ಕಾಲುದಾರಿ, ಕುರುಚಲು ಕಾಡು. ಕೊನೆಗೆ ಸಿಗುವುದು ಮರಳುಗಲ್ಲಿನ ದೊಡ್ಡ ಕಮಾನು, ಅದರಡಿ ಕಾವಿ ಬಣ್ಣದ ಮಾಸಿದ ಆಕೃತಿಗಳು. ಫಲಕಗಳನ್ನು ನಂಬಿ ನಡೆದವರು ದಾರಿ ತಪ್ಪಿದ್ದಾರೆ, ಬಾದಾಮಿಯಲ್ಲೇ ದಾರಿ ಗೊತ್ತಿದ್ದವರನ್ನು ಕರೆದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಹೊರಟು ಹತ್ತೂವರೆಗೆ ಊರು ಸೇರಿಕೊಳ್ಳುವುದು ಸರಿ. ಒಬ್ಬರಿಗೆ 3 ಲೀಟರ್ ನೀರು.

ನಾಲ್ಕು ದಿನ ಇದ್ದರೆ ಗಂಗಾವತಿ ಸೀಮೆಗೆ ಹೋಗಿ. ಆನೆಗುಂದಿಯ ಒನಕೆ ಕಿಂಡಿಯಲ್ಲಿ ಮನುಷ್ಯರ, ಗೂಳಿಗಳ ಚಿತ್ರಗಳಿವೆ. ಹಿರೇಬೆಣಕಲ್ ಬೆಟ್ಟದ ಮೇಲೆ ನೂರಾರು ಕಲ್ಮನೆಗಳ ಊರೇ ಇದೆ, ಸುತ್ತಲಿನ ಕಲ್ಲಾಸರೆಗಳಲ್ಲಿ ಕೆಂಪು ಚಿತ್ರಗಳಿವೆ. ಜನರ ಬಾಯಲ್ಲಿ ಇದು ಮೊರೇರ ಬೆಟ್ಟ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಬೆಟ್ಟ ಹತ್ತಲು ಒಂದು ಗಂಟೆಯ ಮೇಲೆ ಬೇಕು, ಮೇಲೆ ಅಂಗಡಿಯಿಲ್ಲ. ಕಲ್ಮನೆ ನೋಡಿ ಇಳಿದುಬಿಡುವವರೇ ಹೆಚ್ಚು. ಚಿತ್ರವಿರುವ ಆಸರೆಗಳು ದಾರಿಯಿಂದ ಪಕ್ಕಕ್ಕಿವೆ, ಊರವರೊಬ್ಬರು ಜೊತೆಗಿದ್ದರೆ ಮಾತ್ರ ಸಿಗುತ್ತವೆ.

ಬಳ್ಳಾರಿಯ ಸಂಗನಕಲ್ಲು, ಕುಪ್ಪಗಲ್ಲು ಬೇರೆಯೇ ಬಗೆ. ಅಲ್ಲಿ ಕಪ್ಪು ಡಾಲರೈಟ್ ಕಲ್ಲನ್ನು ಕಲ್ಲಿನಿಂದಲೇ ಕುಟ್ಟಿ ಗೂಳಿಗಳನ್ನು ಮೂಡಿಸಿದ್ದಾರೆ. ಉದ್ದ ಕೊಂಬಿನ, ಡುಬ್ಬದ ಗೂಳಿಗಳು, ನವಶಿಲಾಯುಗದ ದನಗಾಹಿಗಳ ಕೈಕೆಲಸ. ಕೆಲವು ಗುಂಡುಗಳು ಕುಟ್ಟಿದರೆ ಗಂಟೆಯಂತೆ ನಾದ ಕೊಡುತ್ತವೆ. ದಯವಿಟ್ಟು ಕುಟ್ಟಿ ನೋಡಬೇಡಿ. ಪ್ರತಿ ಹೊಡೆತವೂ ಹೊಸ ಬಿಳಿ ಗುರುತು, ಹಳೆಯದಕ್ಕೂ ಅದಕ್ಕೂ ಮುಂದೆ ವ್ಯತ್ಯಾಸ ಹೇಳುವುದು ಕಷ್ಟ.

ಮಧ್ಯಪ್ರದೇಶದ ಭೀಮಬೆಟ್ಕಾಗೆ ಇಲ್ಲಿಂದ ನೇರ ರೈಲು ಉಂಟಾ?

ಉಂಟು. ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಮಂಗಳೂರು ಜಂಕ್ಷನ್, ಉಡುಪಿ ಮೂಲಕ ಭೋಪಾಲಕ್ಕೆ ಹೋಗುತ್ತದೆ, ಒಂದು ದಿನಕ್ಕಿಂತ ಹೆಚ್ಚು ಪ್ರಯಾಣ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬದಲಾಗುತ್ತದೆ, ಟಿಕೆಟ್ಟಿನ ಮೇಲಿನ ಸಮಯವನ್ನು ಮತ್ತೊಮ್ಮೆ ನೋಡಿ. ಭೋಪಾಲದಿಂದ ರಸ್ತೆಯಲ್ಲಿ ಸುಮಾರು 45 ಕಿ.ಮೀ. ವಿ.ಎಸ್. ವಾಕಣಕರ್ 1957ರಲ್ಲಿ ಗುರುತಿಸಿದ ತಾಣ ಇದು, 2003ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಏಳುನೂರಕ್ಕೂ ಹೆಚ್ಚು ಕಲ್ಲಾಸರೆಗಳಲ್ಲಿ ಪ್ರವಾಸಿಗರಿಗೆ ತೋರಿಸುವುದು ಹದಿನೈದು ಮಾತ್ರ. ಅಷ್ಟೇ ಸಾಕು, ಅವಸರ ಮಾಡದೆ ಮೂರು ಗಂಟೆ ಕೊಡಿ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ವಯಸ್ಸಾದವರಿಗೆ ಇಷ್ಟು ಸಲೀಸಾದ ದಾರಿಯಿರುವ ಇನ್ನೊಂದು ತಾಣ ನಮಗೆ ಕಾಣದು.

ಅಷ್ಟು ದೂರ ಹೋಗಿಯೂ ಏನೂ ಕಾಣಲಿಲ್ಲ ಎನ್ನುತ್ತಾರಲ್ಲ, ಯಾಕೆ?

ಬಹುಪಾಲು ಬೆಳಕಿನ ತಪ್ಪು. ಕೆತ್ತನೆ ಕಾಣುವುದು ಬೆಳಕು ಓರೆಯಾಗಿ ಬಿದ್ದಾಗ. ಸೂರ್ಯ ನೆತ್ತಿಯ ಮೇಲಿದ್ದರೆ ಗೆರೆಯೊಳಗೆ ನೆರಳೇ ಇರುವುದಿಲ್ಲ, ಬಂಡೆ ಬರೀ ಬಂಡೆಯಾಗಿ ಕಾಣುತ್ತದೆ. ಬಯಲಿನ ಕೆತ್ತನೆಗೆ ಬೆಳಿಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ನಂತರ ಹೋಗಬೇಕು. ಮಧ್ಯಾಹ್ನವೇ ಸಿಕ್ಕಿದ್ದರೆ ಒಬ್ಬರು ಛತ್ರಿಯಿಂದ ಬಿಸಿಲು ಮರೆಮಾಡಲಿ, ಇನ್ನೊಬ್ಬರು ಟಾರ್ಚನ್ನು ನೆಲಕ್ಕೆ ಹತ್ತಿರ, ಹತ್ತು ಹದಿನೈದು ಡಿಗ್ರಿ ಕೋನದಲ್ಲಿ ಹಿಡಿದು ನಿಧಾನವಾಗಿ ಸುತ್ತ ತಿರುಗಿಸಲಿ. ಒಂದು ದಿಕ್ಕಿನಿಂದ ಕಾಣದ ಗೆರೆ ಇನ್ನೊಂದು ದಿಕ್ಕಿನಿಂದ ಎದ್ದು ನಿಲ್ಲುತ್ತದೆ.

ಬಣ್ಣದ ಚಿತ್ರಕ್ಕೆ ಇದು ತಲೆಕೆಳಗು. ಅಲ್ಲಿ ಹದವಾದ, ಸಮನಾದ ನೆರಳು ಬೇಕು. ಬಿಸಿಲಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಐದರಿಂದ ಹತ್ತು ನಿಮಿಷ ಬೇಕು. ಒಳಬಂದ ಕೂಡಲೇ ಫೋನ್ ಎತ್ತಿ, ಎರಡು ನಿಮಿಷಕ್ಕೆ ಹೊರಬೀಳುವವರಿಗೆ ಚಿತ್ರ ಕಾಣುವುದೇ ಇಲ್ಲ. ಕುಳಿತುಕೊಳ್ಳಿ. ಇಡೀ ಪ್ರಾಣಿಯನ್ನು ಹುಡುಕಬೇಡಿ, ಒಂದು ಗೆರೆಯನ್ನು ಹುಡುಕಿ. ಬೆನ್ನಿನ ಗೆರೆ ಸಿಕ್ಕರೆ ಕಾಲು, ಕೊಂಬು ತಾವಾಗಿ ಸಿಗುತ್ತವೆ. ಚಾವಣಿಯನ್ನೂ, ಮೊಣಕಾಲೆತ್ತರದ ಗೋಡೆಯನ್ನೂ ಮರೆಯಬೇಡಿ.

ಕೆಂಪಗೆ ಕಾಣುವುದೆಲ್ಲ ಚಿತ್ರವೇ?

ಅಲ್ಲ. ಕಲ್ಲಿನೊಳಗಿನ ಕಬ್ಬಿಣ ನೀರಿನೊಡನೆ ಇಳಿದು ಮಾಡುವ ಕಲೆಯೂ ಕೆಂಪೇ. ಅದು ನೀರು ಹರಿದ ದಾರಿಯಲ್ಲೇ ಮೇಲಿಂದ ಕೆಳಗೆ ಇರುತ್ತದೆ, ಅಂಚು ಮಸುಕಾಗಿ ಕರಗುತ್ತದೆ. ಬರೆದ ಗೆರೆ ಅಡ್ಡವೂ ಹೋಗುತ್ತದೆ, ಹೆಚ್ಚುಕಡಿಮೆ ಬೆರಳಿನಗಲ ಕಾಯ್ದುಕೊಳ್ಳುತ್ತದೆ, ಬೇಕಾದಲ್ಲಿ ನಿಲ್ಲುತ್ತದೆ.

ಬಣ್ಣ ಯಾವುದರಿಂದ ಮಾಡುತ್ತಿದ್ದರು?

ಕೆಂಪು ಎಂದರೆ ಕಬ್ಬಿಣದ ಆಕ್ಸೈಡಿನ ಕಲ್ಲು, ಅದೇ ಕೆಮ್ಮಣ್ಣು. ಅರೆದು ನೀರು ಅಥವಾ ಅಂಟು ಸೇರಿಸಿ ಬೆರಳು, ಕಡ್ಡಿಯಿಂದ ಬಳಿಯುವುದು. ನಮ್ಮ ಕರಾವಳಿಯ ಹಳೆಯ ಗುಡಿಗಳ ಕಾವಿ ಚಿತ್ರದ ಕೆಂಪೂ ಕಬ್ಬಿಣದ್ದೇ. ಬಿಳಿಗೆ ಸೇಡಿಯಂಥ ಬಿಳಿ ಜೇಡಿ ಅಥವಾ ಸುಣ್ಣ. ಕಬ್ಬಿಣದ ಬಣ್ಣ ಬಿಸಿಲಿಗೆ ಮಾಸುವುದಿಲ್ಲ, ಅದಕ್ಕೇ ಕೆಂಪು ಚಿತ್ರಗಳೇ ಹೆಚ್ಚು ಉಳಿದಿವೆ.

ಸ್ವಲ್ಪ ನೀರು ಚಿಮುಕಿಸಿದರೆ ಚಿತ್ರ ಚೆನ್ನಾಗಿ ಕಾಣುತ್ತದಂತೆ, ಹೌದೇ?

ಹತ್ತು ನಿಮಿಷ ಕಾಣುತ್ತದೆ, ಆಮೇಲೆ ಶಾಶ್ವತವಾಗಿ ಕಡಿಮೆಯಾಗುತ್ತದೆ. ಚಿತ್ರಗಳಿಗೆ ದೊಡ್ಡ ಹಾನಿ ಮಾಡಿರುವ ಅಭ್ಯಾಸ ಇದು. ನೀರು ಕಲ್ಲಿನೊಳಗಿನ ಲವಣವನ್ನು ಕರಗಿಸಿಕೊಳ್ಳುತ್ತದೆ. ಒಣಗುವಾಗ ಆ ಲವಣ ಮೇಲ್ಮೈಗೆ ಬಂದು ಹರಳುಗಟ್ಟುತ್ತದೆ. ಹರಳು ಬೆಳೆದಂತೆ ಬಣ್ಣದ ಪದರವನ್ನು ಒಳಗಿನಿಂದ ತಳ್ಳುತ್ತದೆ, ಚಕ್ಕೆ ಏಳುತ್ತದೆ. ಉದುರದೆ ಉಳಿದಲ್ಲಿ ಬಿಳಿ ಪೊರೆ ಕೂರುತ್ತದೆ. ‘ಹಿಂದಿನ ಸಲ ಇನ್ನೂ ಚೆನ್ನಾಗಿತ್ತು’ ಎಂದು ಜನ ಹೇಳುವುದು ಸುಳ್ಳಲ್ಲ. ಸೀಮೆಎಣ್ಣೆ, ಅಡುಗೆ ಎಣ್ಣೆ ಹಚ್ಚಿದರೆ ಧೂಳು ಹಿಡಿದು ಕಪ್ಪಾಗುತ್ತದೆ.

ಕೆತ್ತನೆಯೊಳಗೆ ಸೀಮೆಸುಣ್ಣ ತುಂಬುವುದೂ ಹೀಗೆಯೇ. ತುಂಬಿದವರ ಊಹೆಯ ಗೆರೆ ಅಲ್ಲಿ ಉಳಿಯುತ್ತದೆ, ನಿಜವಾದ ಗೆರೆ ಎಲ್ಲಿತ್ತು ಎನ್ನುವುದು ಮುಂದಿನವರಿಗೆ ತಿಳಿಯುವುದಿಲ್ಲ. ಬೆರಳಿನ ಬೆವರು, ಎಣ್ಣೆಯೂ ಸಾಕು ಹಾಳುಮಾಡಲು. ಕಲ್ಲಾಸರೆಯಲ್ಲಿ ಒಲೆ ಹೂಡಬೇಡಿ, ಊದುಬತ್ತಿ ಹಚ್ಚಬೇಡಿ, ಕುಂಕುಮ ಬಳಿಯಬೇಡಿ. ಚಿತ್ರದ ಮೇಲೆ ಕಣಜ ಕಟ್ಟಿದ ಮಣ್ಣಿನ ಗೂಡನ್ನೂ ಕೆರೆಯಬೇಡಿ. ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ ಅಂಥ ಗೂಡುಗಳ ಕಾಲ ಅಳೆದೇ ಒಂದು ಕಾಂಗರೂ ಚಿತ್ರ ಸುಮಾರು 17,300 ವರ್ಷ ಹಳೆಯದೆಂದು 2021ರಲ್ಲಿ ಹೇಳಲು ಸಾಧ್ಯವಾಯಿತು.

ಹಾಗಾದರೆ ಮಾಸಿದ ಚಿತ್ರ ನೋಡುವುದು ಹೇಗೆ?

ಫೋಟೊ ತೆಗೆದು ಡಿ-ಸ್ಟ್ರೆಚ್ ಬಳಸಿ. ಜಾನ್ ಹಾರ್ಮನ್ ಬಂಡೆಚಿತ್ರಗಳಿಗೆಂದೇ ರೂಪಿಸಿದ ತಂತ್ರಾಂಶ ಇದು, ಹತ್ತಿರ ಹತ್ತಿರದ ಬಣ್ಣಗಳನ್ನು ದೂರ ಎಳೆದು ತೋರಿಸುತ್ತದೆ. ಕೆಂಪಿಗೆ ವೈ.ಆರ್.ಇ. ಅಥವಾ ಎಲ್.ಆರ್.ಇ. ಆಯ್ಕೆ, ಕಪ್ಪಿಗೆ ವೈ.ಬಿ.ಕೆ. ಫೋಟೊ ತೆಗೆಯುವಾಗ ಫ್ಲ್ಯಾಶ್ ಬೇಡ, ಅರ್ಧ ಬಿಸಿಲು ಅರ್ಧ ನೆರಳು ಒಂದೇ ಚೌಕಟ್ಟಿನಲ್ಲಿ ಬರಬಾರದು. ಗೋಡೆಗೆ ನೇರ ಎದುರಾಗಿ ನಿಂತು, 10 ಸೆಂಟಿಮೀಟರಿನ ಅಳತೆಪಟ್ಟಿಯನ್ನು ಚಿತ್ರದ ಪಕ್ಕ ಹಿಡಿದು ತೆಗೆಯಿರಿ, ಗೋಡೆಗೆ ಅಂಟಿಸಬೇಡಿ. ಸಾಧ್ಯವಾದರೆ ರಾ ಫೈಲ್ (ಕ್ಯಾಮೆರಾ ಕುಗ್ಗಿಸದೆ ಉಳಿಸುವ ಮೂಲ ಫೈಲ್). ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊಗೆ ಈ ತಂತ್ರ ನಡೆಯುವುದಿಲ್ಲ, ಕುಗ್ಗಿಸುವಾಗ ಬಣ್ಣದ ಸೂಕ್ಷ್ಮ ವ್ಯತ್ಯಾಸವೇ ಅಳಿಸಿಹೋಗಿರುತ್ತದೆ. ಡ್ರೋನ್‌ಗೆ ಪ್ರತ್ಯೇಕ ಅನುಮತಿ ಬೇಕು.

ಇವು ಎಷ್ಟು ಹಳೆಯವು?

ಒಂದೇ ಗೋಡೆಯಲ್ಲಿ ಸಾವಿರಾರು ವರ್ಷಗಳ ಅಂತರದ ಚಿತ್ರಗಳಿರಬಹುದು. ಬರೀ ಬೇಟೆ, ಕಾಡುಪ್ರಾಣಿ ಇದ್ದರೆ ಹಳೆಯ ಕಾಲ, ಡುಬ್ಬದ ಗೂಳಿಗಳಿದ್ದರೆ ನವಶಿಲಾಯುಗ, ಕುದುರೆ ಸವಾರರು, ಕತ್ತಿ ಬಂದರೆ ಅದಕ್ಕೂ ಈಚೆ. ಯಾವುದರ ಮೇಲೆ ಯಾವುದನ್ನು ಬರೆದಿದ್ದಾರೆ ಎಂಬುದು ಇನ್ನೊಂದು ಸುಳಿವು. ಮುರಕಲ್ಲಿನ ಕೆತ್ತನೆಗೆ ಕಾಲ ಹೇಳುವುದು ಇನ್ನೂ ಕಷ್ಟ, ಏಕೆಂದರೆ ಇಂಗಾಲದ ಪರೀಕ್ಷೆಗೆ ಅಲ್ಲಿ ಏನೂ ಸಿಗುವುದಿಲ್ಲ. ಫಲಕದ ಮೇಲೆ ಒಂದೇ ಒಂದು ದೊಡ್ಡ ಸಂಖ್ಯೆ ಬರೆದಿದ್ದರೆ ಅದನ್ನು ಅಂದಾಜು ಎಂದೇ ಓದಿಕೊಳ್ಳಿ.

ಹೆಜ್ಜೇನು, ಕರಡಿ, ಚಿರತೆ?

ಚಾಚಿದ ಬಂಡೆ ಎಂದರೆ ಹೆಜ್ಜೇನಿಗೆ ಮನೆ. ಭೀಮಬೆಟ್ಕಾದಲ್ಲಿ 2021ರಲ್ಲಿ ಐವತ್ತೈದು ಕೋಟಿ ವರ್ಷ ಹಳೆಯ ಜೀವಿಯ ಪಳೆಯುಳಿಕೆ ಎಂದು ಪ್ರಕಟವಾದದ್ದು, ಹಳೆಯ ಜೇನುಗೂಡಿನ ಗುರುತು ಎಂದು 2023ರಲ್ಲಿ ತೀರ್ಮಾನವಾಯಿತು. ಸೆಂಟ್ ಹಾಕಬೇಡಿ, ಹೊಗೆ ಮಾಡಬೇಡಿ, ಕೂಗಬೇಡಿ. ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಿ, ಕೈ ಬೀಸುತ್ತ ನಿಲ್ಲಬೇಡಿ. ಗಂಗಾವತಿ, ದರೋಜಿ ಸೀಮೆಯಲ್ಲಿ ಕರಡಿ, ಚಿರತೆ ಎರಡೂ ಇವೆ. ಹಾಗಾಗಿ ಅಲ್ಲಿ ಸೂರ್ಯ ಮೇಲೆ ಬಂದ ನಂತರ ಹತ್ತಿ, ಐದರೊಳಗೆ ಇಳಿದುಬಿಡಿ, ಒಳ್ಳೆಯ ಬೆಳಕಿನ ಆಸೆಗೆ ಬೀಳಬೇಡಿ.

ನಮ್ಮ ಗುಡ್ಡದ ಪಾದೆಯ ಮೇಲೆ ಗೆರೆಗಳು ಕಾಣುತ್ತಿವೆ. ಏನು ಮಾಡಲಿ?

ತೊಳೆಯಬೇಡಿ, ಕೆರೆಯಬೇಡಿ, ಹುಲ್ಲು ಸುಡಬೇಡಿ. ಬೆಳಿಗ್ಗೆ ಮತ್ತು ಸಂಜೆ, ಎರಡು ದಿಕ್ಕಿನಿಂದ, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ದೂರದಿಂದ ಇಡೀ ಪಾದೆಯದೂ ಒಂದಿರಲಿ. ಜಿಪಿಎಸ್ ಅಂಕಿ ಬರೆದಿಟ್ಟುಕೊಳ್ಳಿ. ಜಮೀನಿನ ಮಾಲೀಕರಿಗೆ ತಿಳಿಸಿ, ನಂತರ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಹಾಗೂ ಜಿಲ್ಲಾಧಿಕಾರಿ ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಜಾಗದ ವಿವರವನ್ನು ಫೇಸ್‌ಬುಕ್‌ಗೆ ಹಾಕಬೇಡಿ. ಹಳೆಯ ಕಲ್ಲು ಎಂದರೆ ನಿಧಿ ಎಂದು ಅಗೆಯುವವರು ಈಗಲೂ ಇದ್ದಾರೆ, ಕಲ್ಮನೆಗಳು ಕದಡಿಹೋಗಲು ಅದೊಂದು ಕಾರಣ. ಕರಾವಳಿಯಲ್ಲಿ ಇನ್ನೊಂದು ಅಪಾಯ ಕೆಂಪುಕಲ್ಲಿನ ಕೋರೆ. ಕೋರೆಗೆ ಬೇಕಾದ ಸಮತಟ್ಟು ಮುರಕಲ್ಲಿನ ಹಾಸೂ, ಕೆತ್ತನೆ ಇರಬಹುದಾದ ಹಾಸೂ ಒಂದೇ. ಯಂತ್ರ ಒಂದು ವಾರದಲ್ಲಿ ಪದರವನ್ನೇ ಎತ್ತಿಬಿಡುತ್ತದೆ, ಮೇಲೇನಿತ್ತು ಎಂದು ಹೇಳಲು ಆಮೇಲೆ ಯಾರೂ ಇರುವುದಿಲ್ಲ. ಕೋರೆಗೆ ಕೊಡುವ ಮೊದಲು ಒಂದು ಬೆಳಿಗ್ಗೆ, ಓರೆ ಬಿಸಿಲಿನಲ್ಲಿ, ಆ ಹಾಸಿನ ಮೇಲೆ ನಡೆದು ನೋಡಿ ಎಂದು ಜಮೀನಿರುವ ಎಲ್ಲರಲ್ಲೂ ಕೇಳಿಕೊಳ್ಳುತ್ತೇವೆ.

ಹೆಸರು ಕೆತ್ತಿದರೆ ಶಿಕ್ಷೆ ಏನು?

ಕೇಂದ್ರ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ 1958ರ ಪುರಾತನ ಸ್ಮಾರಕಗಳ ಕಾಯ್ದೆಯಡಿ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ರಾಜ್ಯ ಸಂರಕ್ಷಿತ ತಾಣಗಳಿಗೆ 1961ರ ಕರ್ನಾಟಕ ಕಾಯ್ದೆ ಇದೆ. ಯಾರಾದರೂ ಕೆತ್ತುವುದು ಕಂಡರೆ ಜಗಳಕ್ಕೆ ನಿಲ್ಲದೆ ಕಾವಲುಗಾರರಿಗೆ, ಅವರಿಲ್ಲದಿದ್ದರೆ 112ಕ್ಕೆ ತಿಳಿಸಿ.

ಶಾಲೆಯ ಮಕ್ಕಳನ್ನು ಕರೆದೊಯ್ಯುವಾಗ?

ಒಂದು ಸಲಕ್ಕೆ ಹತ್ತು ಮಕ್ಕಳು ಕಲ್ಲಾಸರೆಯೊಳಗೆ, ಉಳಿದವರು ಹೊರಗೆ. ಇಕ್ಕಟ್ಟಿನಲ್ಲಿ ಬೆನ್ನಚೀಲ ಗೋಡೆಗೆ ಉಜ್ಜುವುದೇ ದೊಡ್ಡ ಹಾನಿ, ಆದ್ದರಿಂದ ಚೀಲಗಳನ್ನು ಹೊರಗಿಡಿಸಿ. ಪ್ರತಿಯೊಬ್ಬರಿಗೂ ಪೆನ್ಸಿಲ್, ಹಾಳೆ ಕೊಟ್ಟು ಒಂದೇ ಒಂದು ಆಕೃತಿಯನ್ನು ನೋಡಿ ಬರೆಯಲು ಹೇಳಿ, ಹಾಳೆಯನ್ನು ಗೋಡೆಗೆ ಒತ್ತಿ ಅಚ್ಚು ತೆಗೆಯಲು ಬಿಡಬೇಡಿ. ಹದಿನೈದು ನಿಮಿಷ ಬರೆದ ಮಗುವಿಗೆ ಗೂಳಿಯ ಕೊಂಬು ಯಾವ ಕಡೆ ಬಾಗಿದೆ, ಕಾಲು ಎಷ್ಟು ಬರೆದಿದ್ದಾರೆ ಎಂಬುದು ಗೊತ್ತಿರುತ್ತದೆ.